ಹೆಸರು ಕೇಳದ ಗಾಡಿ: ಫಿಲಿಪೀನ್ಸ್‌ನ ಕೊಡುಕೊಳುವಿಕೆಯ ಬಗ್ಗೆ

2021ರ ಏಪ್ರಿಲ್ 14ರಂದು ಮನಿಲಾ ಮಹಾನಗರಕ್ಕೆ ಸೇರಿದ ಕೆಸೋನ್ ಸಿಟಿಯ ಮಗಿನ್ಹಾವಾ ಬೀದಿಯಲ್ಲಿ ಆನಾ ಪಟ್ರೀಷಿಯಾ ನಾನ್ ಎಂಬ 26 ವರ್ಷದ ಯುವತಿ ಬಿದಿರಿನ ಗಾಡಿಯೊಂದನ್ನು ನಿಲ್ಲಿಸಿ, ಅದರಲ್ಲಿ ಅಕ್ಕಿ, ತರಕಾರಿ, ಡಬ್ಬಿಯಲ್ಲಿಟ್ಟ ಆಹಾರ ಮತ್ತು ಮುಖಗವಸುಗಳನ್ನು ಇಟ್ಟರು. ಶಕ್ತಿಯಿದ್ದಷ್ಟು ಕೊಡಿ, ಬೇಕಾದಷ್ಟು ತೆಗೆದುಕೊಳ್ಳಿ ಎಂದು ರಟ್ಟಿನ ಮೇಲೆ ಬರೆದಿದ್ದರು. ಕೆಲವೇ ದಿನಗಳಲ್ಲಿ ದೇಶದ ಉದ್ದಗಲಕ್ಕೂ ಇಂಥ ನೂರಾರು ಗಾಡಿಗಳು ಕಾಣಿಸಿಕೊಂಡವು. ಟಾರ್ಲಾಕ್ ಪ್ರಾಂತ್ಯದ ರೈತರು ಗೆಣಸು ತಂದುಕೊಟ್ಟರು.

ಈ ಘಟನೆಯನ್ನು ಬಹಳ ಮಂದಿ 'ಬಯನಿಹಾನ್' ಎಂದು, ಅಂದರೆ ಊರವರೆಲ್ಲ ಕೂಡಿ ನೆರವಾಗುವ ರೂಢಿಯೆಂದು ಕರೆದರು. ಬಿದಿರು ಮತ್ತು ನೀಪಾ ಎಂಬ ತಾಳೆಜಾತಿಯ ಮರದ ಗರಿಯ ಮನೆಯನ್ನು ಊರಿನ ಗಂಡಸರೆಲ್ಲ ಸೇರಿ ಹೆಗಲ ಮೇಲೆ ಹೊತ್ತು ಇನ್ನೊಂದು ಜಾಗಕ್ಕೆ ಸಾಗಿಸುವ ಚಿತ್ರ ಫಿಲಿಪೀನ್ಸ್‌ನ ಶಾಲಾಪುಸ್ತಕಗಳಿಂದ ಹಿಡಿದು ಪ್ರವಾಸಿ ಅಂಗಡಿಗಳವರೆಗೆ ಎಲ್ಲೆಡೆ ಇದೆ. ಫಿಲಿಪಿನೊಗಳು ತಮ್ಮನ್ನು ತಾವು ಕಾಣಲು ಇಷ್ಟಪಡುವುದು ಹೀಗೆ. ಆದರೆ 2020ರ ಮಾರ್ಚ್‌ನಲ್ಲಿ ಸರ್ಕಾರವೂ ಇದೇ ಹೆಸರನ್ನು ಎತ್ತಿಕೊಂಡಿತ್ತು: ಅಧ್ಯಕ್ಷ ದುತೆರ್ತೆ ಅವರಿಗೆ ಸಾಂಕ್ರಾಮಿಕದ ಕಾಲಕ್ಕೆಂದು ವಿಶೇಷ ಅಧಿಕಾರಗಳನ್ನು ನೀಡಿದ ಕಾಯ್ದೆಯ ಹೆಸರಿನಲ್ಲೇ ಬಯನಿಹಾನ್ ಇತ್ತು. ಅದರಡಿ ಸುಮಾರು 1 ಕೋಟಿ 80 ಲಕ್ಷ ಬಡ ಕುಟುಂಬಗಳಿಗೆ ಪ್ರದೇಶಕ್ಕನುಗುಣವಾಗಿ 5,000ದಿಂದ 8,000 ಪೆಸೊ ನೀಡುವ ಯೋಜನೆ ರೂಪುಗೊಂಡಿತು. ಫಲಾನುಭವಿಗಳ ಪಟ್ಟಿ ಸಿದ್ಧವಾಗುವುದರಲ್ಲಿ ಬರಂಗಾಯ್‌ಗೆ, ಅಂದರೆ ಆಡಳಿತದ ಅತಿ ಕೆಳಗಿನ ಘಟಕಕ್ಕೆ, ದೊಡ್ಡ ಪಾತ್ರವಿತ್ತು. ಪಟ್ಟಿಯಿಂದ ಹೊರಗುಳಿದವರ ದೂರುಗಳೂ ಅಲ್ಲಿಂದಲೇ ಎದ್ದವು.

ಬರಂಗಾಯ್ ಮುಖ್ಯಸ್ಥರು ಸಾಮಾನ್ಯವಾಗಿ ಪರಿಚಿತರೇ, ಎಷ್ಟೋ ಸಲ ನೆಂಟರೇ ಆಗಿರುತ್ತಾರೆ. ಅಂಥವರ ಕೈಯಿಂದ ಸಹಾಯ ಪಡೆದವರ ಮೇಲೆ 'ಉತಾಂಗ್ ನ ಲೋಓಬ್' ಬೀಳುತ್ತದೆ. ಅದು ಉಪಕಾರದ ಋಣ. ಹಣದ ಸಾಲವನ್ನು ತೀರಿಸಿ ಮುಗಿಸಬಹುದು, ಈ ಋಣವನ್ನು ಹಾಗೆ ಮುಗಿಸಲಾಗುವುದಿಲ್ಲ. ಅದನ್ನು ಮರೆತವನು ನಾಚಿಕೆಗೆಟ್ಟವನೆನಿಸಿಕೊಳ್ಳುತ್ತಾನೆ. ತಂದೆತಾಯಿಯರನ್ನು ಮುಪ್ಪಿನಲ್ಲಿ ಕಾಯುವುದೂ, ಹಾಂಗ್‌ಕಾಂಗ್‌ನಲ್ಲೋ ಸೌದಿಯಲ್ಲೋ ದುಡಿಯುವ ಅಕ್ಕ ತನ್ನ ತಮ್ಮಂದಿರ ಓದಿಗೆ ಹಣ ಕಳಿಸುವುದೂ ಈ ಭಾವದ ಬಲದಿಂದಲೇ. ಶವಸಂಸ್ಕಾರದ ಖರ್ಚು ಕೊಟ್ಟ ಮನೆತನಕ್ಕೆ ಚುನಾವಣೆಯಲ್ಲಿ ಮತ ಹಾಕುವಂತೆ ಮಾಡುವುದೂ ಇದೇ. 1987ರ ಸಂವಿಧಾನ ರಾಜಕೀಯ ಮನೆತನಗಳನ್ನು ನಿಷೇಧಿಸಬೇಕೆಂದು ಹೇಳಿ, ಅವು ಯಾವುವೆಂದು ವಿವರಿಸುವ ಹೊಣೆಯನ್ನು ಶಾಸನಕ್ಕೆ ಬಿಟ್ಟಿತು. ಆ ಶಾಸನವನ್ನು ಮಾಡಬೇಕಾದ ಸಂಸತ್ತಿನಲ್ಲಿ ಅದೇ ಮನೆತನಗಳು ತುಂಬಿಕೊಂಡಿದ್ದುದರಿಂದ ದಶಕಗಳ ಕಾಲ ಅದು ನನೆಗುದಿಗೆ ಬಿತ್ತು.

ಮಗಿನ್ಹಾವಾದ ಗಾಡಿ ನನಗೆ ಮುಖ್ಯವಾಗಿ ಕಾಣುವುದು ಈ ಹಿನ್ನೆಲೆಯಲ್ಲಿ. ಅಲ್ಲಿ ಪಟ್ಟಿಯಿರಲಿಲ್ಲ, ಗುರುತಿನ ಚೀಟಿ ಕೇಳುವವರಿರಲಿಲ್ಲ, ಅಕ್ಕಿಯ ಚೀಲದ ಮೇಲೆ ಯಾವ ರಾಜಕಾರಣಿಯ ಮುಖವೂ ಇರಲಿಲ್ಲ. ಕೊಟ್ಟವರಾರೆಂದು ಪಡೆದವರಿಗೆ ತಿಳಿಯದಿದ್ದಾಗ ಋಣ ಯಾರ ಹೆಸರಿನಲ್ಲೂ ನಿಲ್ಲುವುದಿಲ್ಲ. ಇಂದು ಪಡೆದವನು ನಾಳೆ ಅದೇ ಗಾಡಿಯಲ್ಲಿ ನಾಲ್ಕು ಗೆಣಸು ಇಟ್ಟರೆ ಆಯಿತು. 1970ರ ದಶಕದಲ್ಲಿ ಫಿಲಿಪಿನೊ ಮನೋವಿಜ್ಞಾನವನ್ನು ಕಟ್ಟಿದ ವಿರ್ಹಿಲಿಯೊ ಎನ್ರಿಕೆಸ್, ತಮ್ಮ ಜನರ ಮೌಲ್ಯಗಳ ನಡುಭಾಗದಲ್ಲಿರುವುದು ಋಣವೂ ಅಲ್ಲ, ನಾಚಿಕೆಯೂ ಅಲ್ಲ, 'ಕಪ್ವಾ' ಎಂದು ವಾದಿಸಿದ್ದರು: ಎದುರಿಗಿರುವವನು ಬಳಗದವನಾಗಲಿ ಅಪರಿಚಿತನಾಗಲಿ, ನಾನು ಮತ್ತು ಅವನು ಬೇರೆಯಲ್ಲವೆಂಬ ಅರಿವು. ಆ ವಾದ ಆದರ್ಶದ ಮಾತಲ್ಲವೆಂದು ಆ ಬೀದಿಯನ್ನು ನೆನೆದಾಗ ನನಗೆ ಅನ್ನಿಸುತ್ತದೆ.

ಅಧಿಕಾರಕ್ಕೆ ಇದು ಹಿಡಿಸಲಿಲ್ಲ. ಗಾಡಿಗಳನ್ನು ನಡೆಸುವವರ ಹೆಸರು, ವಿಳಾಸ, ಸಂಘಟನೆಗಳ ವಿವರವನ್ನು ಪೊಲೀಸರು ಕೇಳತೊಡಗಿದರು. ಕಮ್ಯುನಿಸ್ಟ್ ಬಂಡಾಯದ ವಿರುದ್ಧದ ಕಾರ್ಯಪಡೆಯ ವಕ್ತಾರರಾಗಿದ್ದ ಜನರಲ್ ಆಂಟೊನಿಯೊ ಪಾರ್ಲಾಡೆ ಅವರು ಆನಾ ಅವರನ್ನು ಬೈಬಲ್ಲಿನ ಹವ್ವಳಿಗೆ ಹಣ್ಣು ಕೊಟ್ಟ ಸೈತಾನನಿಗೆ ಹೋಲಿಸಿದರು. ಸುರಕ್ಷತೆಯ ಆತಂಕದಿಂದ ಏಪ್ರಿಲ್ 20ರಂದು ಗಾಡಿ ನಿಂತಿತು. ನಗರದ ಮೇಯರ್ ಜಾಯ್ ಬೆಲ್ಮೊಂಟೆ ಬೆಂಬಲಕ್ಕೆ ನಿಂತ ಮೇಲೆ ಮರುದಿನ ಮತ್ತೆ ಹೊರಟಿತು. ಹೆಸರು ಕೇಳದ ವ್ಯವಸ್ಥೆಯೊಂದಕ್ಕೆ ಹೆಸರುಗಳನ್ನು ಅಂಟಿಸಲು ಪೊಲೀಸರು ಹೊರಟದ್ದು ನನ್ನನ್ನು ಇಂದಿಗೂ ಕೆರಳಿಸುತ್ತದೆ.

ಈ ವ್ಯವಸ್ಥೆಗೂ ಮಿತಿಗಳಿದ್ದವು. ಅದೇ ವಾರ ಪ್ರಸಿದ್ಧ ನಟಿಯೊಬ್ಬರು ಸದುದ್ದೇಶದಿಂದ ತೆರೆದ ಗಾಡಿಯ ಬಳಿ ಭಾರೀ ಜನಸಂದಣಿ ಸೇರಿ, ಸರದಿಯಲ್ಲಿದ್ದ 67 ವರ್ಷದ ಬೀದಿ ವ್ಯಾಪಾರಿಯೊಬ್ಬರು ಕುಸಿದು ತೀರಿಕೊಂಡರು. ಓಣಿಯವರು ಓಣಿಯವರಿಗಾಗಿ ನಡೆಸುವಾಗ ಸಲೀಸಾಗಿ ಸಾಗುವ ಕೆಲಸ ಹಸಿದ ನಗರವನ್ನೇ ಹೊರಲಾರದು. ಸೂಪರ್ ಚಂಡಮಾರುತ ಯೊಲಾಂಡಾ 2013ರಲ್ಲಿ ಟಕ್ಲೋಬಾನ್ ನಗರವನ್ನು ನೆಲಸಮ ಮಾಡಿದಾಗಲೂ ಫಿಲಿಪಿನೊಗಳ ಸಹನಶಕ್ತಿಯನ್ನು ಲೋಕವೆಲ್ಲ ಕೊಂಡಾಡಿತು. ಆ ಹೊಗಳಿಕೆ ನನಗೆ ಒಗ್ಗುವುದಿಲ್ಲ, ಏಕೆಂದರೆ ಸಹಿಸಿಕೊಳ್ಳುವವರನ್ನು ಹೊಗಳುತ್ತ ಕುಳಿತರೆ ಗಟ್ಟಿ ಮನೆ, ಆಸ್ಪತ್ರೆ, ಸರಿಯಾದ ಪಟ್ಟಿ ಇವುಗಳನ್ನು ಒದಗಿಸಬೇಕಾದವರನ್ನು ಯಾರೂ ಕೇಳುವುದಿಲ್ಲ. ಗಾಡಿ ಇಟ್ಟವರು ಕೇಳಿದ್ದರು. ಜನರು ಒಬ್ಬರನ್ನೊಬ್ಬರು ಪೋಷಿಸಬೇಕಾಗಿ ಬಂದದ್ದೇ ಸರ್ಕಾರದ ಕೊರತೆಗೆ ಸಾಕ್ಷಿಯೆಂಬ ಮಾತು ಅಕ್ಕಿ ಗೆಣಸುಗಳ ಜೊತೆಗೇ ಬೀದಿಗೆ ಬಂದಿತ್ತು, ಪೊಲೀಸರನ್ನು ಅಲ್ಲಿಗೆ ಕರೆತಂದದ್ದೂ ಬಹುಶಃ ಅದೇ ಮಾತು.