ಒನ್‌ಲೈನರ್‌ನಲ್ಲಿ ನಾನು ಬರೆದ ಒಂದು ಪದ

ಗುರುವಾರದ ಟ್ಯೂಮರ್ ಬೋರ್ಡ್‌ಗೆ, ಅಂದರೆ ಬೇರೆ ಬೇರೆ ವಿಭಾಗದ ಡಾಕ್ಟರುಗಳು ಕೂತು ಕ್ಯಾನ್ಸರ್ ಕೇಸುಗಳನ್ನು ಚರ್ಚಿಸುವ ಸಭೆಗೆ, ಲಿಸ್ಟ್ ಮಾಡುವುದು ನನ್ನ ಕೆಲಸ. ಬುಧವಾರ ಸಂಜೆ ಐದರೊಳಗೆ ಎಲ್ಲ ಕೇಸುಗಳ ಒನ್‌ಲೈನರ್, ಅಂದರೆ ಒಂದೊಂದು ಸಾಲಿನ ಸಾರಾಂಶ, ಗ್ರೂಪಿಗೆ ಹೋಗಬೇಕು. ಬೋರ್ಡ್ ಬೆಳಿಗ್ಗೆ ಏಳೂವರೆಗೆ ಶುರು. ಎಂಟೂವರೆಗೆ ಸರ್ಜನ್‌ಗಳು ಓಟಿಗೆ ಹೊರಟುಬಿಡುತ್ತಾರೆ. ಆ ವಾರ ಹದಿನಾರು ಕೇಸು ಇದ್ದವು. ಒಂದು ಕೇಸಿಗೆ ನಾಲ್ಕು ನಿಮಿಷವೂ ಇಲ್ಲ.

ಒಂಬತ್ತನೆಯ ಕೇಸಿಗೆ ನಾನು ಬರೆದದ್ದು ಇಷ್ಟು: 61 ವರ್ಷ, ಹೆಂಗಸು, ಸಿಎ ಬ್ರೆಸ್ಟ್, ಟ್ರೀಟ್‌ಮೆಂಟ್ ಮುಗಿದು 11 ವರ್ಷ, ಈಗ ಸ್ಟಮಕ್ ಮೆಟ್ಸ್. ಅಂದರೆ ಹಳೆಯ ಸ್ತನದ ಕ್ಯಾನ್ಸರ್ (ಸಿಎ ಬ್ರೆಸ್ಟ್) ಈಗ ಹೊಟ್ಟೆಗೆ, ಜಠರಕ್ಕೆ, ಹರಡಿದೆ ಎಂದು. ಮುಂದೆ ಒಂದು ಪ್ರಶ್ನೆ ಚಿಹ್ನೆ ಕೂಡ ಹಾಕಲಿಲ್ಲ.

ಯಾಕೆ ಹಾಗೆ ಬರೆದೆ ಎಂದು ಈಗಲೂ ಯೋಚಿಸುತ್ತೇನೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಯುಎಚ್‌ಐಡಿಗೆ (ರೋಗಿಯ ಆಸ್ಪತ್ರೆ ನಂಬರ್) ಒಂದೇ ಡಯಾಗ್ನೋಸಿಸ್. ಅವರ ನಂಬರ್ ಹಾಕಿದ ತಕ್ಷಣ 'ಸಿಎ ಬ್ರೆಸ್ಟ್' ಎಂದು ತೆರೆಯುತ್ತದೆ. ಅದರ ಕೆಳಗೆ ಆರಿಸಿಕೊಳ್ಳಲು ಮೂರೇ ಮೂರು: ರಿಕರೆನ್ಸ್ (ಮರಳಿ ಬಂದದ್ದು), ಪ್ರೋಗ್ರೆಶನ್ (ಬೆಳೆದದ್ದು), ಮೆಟ್ಸ್ (ಹರಡಿದ್ದು). ಇನ್ನೊಂದು ಹೊಸ ಕ್ಯಾನ್ಸರ್ ಬರಬಹುದು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಆದರೆ ತಪ್ಪೆಲ್ಲ ಸಾಫ್ಟ್‌ವೇರ್‌ನದಲ್ಲ. ಈ ಕೇಸಿಗೆ ಎರಡು ತಿಂಗಳ ಹಿಂದೆ ನಮ್ಮ ಬೋರ್ಡ್‌ಗೆ ಲೋಬ್ಯುಲರ್ ಕೇಸೊಂದು ಬಂದಿತ್ತು. ಸ್ತನದ ಲೋಬ್ಯುಲರ್ ಕ್ಯಾನ್ಸರ್ ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಹೊಟ್ಟೆಯ ಗೋಡೆಗೆ ಬಂದು ಕೂರುವುದುಂಟು. ಅದು ನನ್ನ ತಲೆಯಲ್ಲಿತ್ತು. ಇದೂ ಅದೇ ಅಂದುಕೊಂಡೆ. ಈ ಅಮ್ಮನ ಹಳೆಯ ರಿಪೋರ್ಟ್ ಅವರ ಪ್ಲಾಸ್ಟಿಕ್ ಕವರ್‌ನಲ್ಲೇ ಇತ್ತು. ಅದರಲ್ಲಿ ಡಕ್ಟಲ್ ಎಂದು, ಅಂದರೆ ಲೋಬ್ಯುಲರ್ ಅಲ್ಲದ ಬೇರೆ ಬಗೆ ಎಂದು, ಸ್ಪಷ್ಟವಾಗಿ ಬರೆದಿತ್ತು. ನಾನು ಕವರ್ ಬಿಚ್ಚಿ ನೋಡಲಿಲ್ಲ.

ಬೋರ್ಡ್‌ನಲ್ಲಿ ಏನಾಯಿತು ಎಂಬುದು ಮಾತುಮಾತೂ ನೆನಪಿದೆ. ರೇಡಿಯಾಲಜಿ ಡಾಕ್ಟರು ಸ್ಕ್ಯಾನ್ ಹಾಕಿ, "ಆಂಟ್ರಮ್, ಹೊಟ್ಟೆಯ ಕೆಳಭಾಗದ ಗೋಡೆ ದಪ್ಪ ಆಗಿದೆ. ಲಿವರ್ ಕ್ಲಿಯರ್. ನೋಡ್ಸ್ ದೊಡ್ಡದಿಲ್ಲ, ಮೂಳೇನೂ ಚೆನ್ನಾಗಿದೆ" ಅಂದರು. ಸ್ತನದ ಕ್ಯಾನ್ಸರ್ ಹರಡಿದ್ದರೆ ಬೇರೆ ಎಲ್ಲೂ ಇಲ್ಲದೆ ಹೊಟ್ಟೆಯ ಒಂದೇ ಮೂಲೆಯಲ್ಲಿ ಯಾಕೆ ಇದೆ? ಆಗಲೇ ಯಾರಾದರೂ ಕೇಳಬೇಕಿತ್ತು. ನಾನೂ ಕೇಳಬಹುದಿತ್ತು. ಪೆಥಾಲಜಿ ಮೇಡಂ ಅವತ್ತು ರಜೆ. ಐಎಚ್‌ಸಿ, ಅಂದರೆ ಕ್ಯಾನ್ಸರ್ ಯಾವ ಅಂಗದ್ದು ಎಂದು ತಿಳಿಯಲು ಬಯಾಪ್ಸಿ ತುಂಡಿನ ಮೇಲೆ ಮಾಡುವ ಪರೀಕ್ಷೆ, ಬಂದಿರಲಿಲ್ಲ. ಸ್ಕ್ರೀನ್ ಮೇಲೆ ನನ್ನ ಸಾಲು ದೊಡ್ಡದಾಗಿ ಕಾಣುತ್ತಿತ್ತು. ಎಲ್ಲರೂ ಅದನ್ನೇ ಓದಿದರು. "ಪ್ಯಾಲಿಯೇಟಿವ್. ಐಎಚ್‌ಸಿ ಬಂದ ಮೇಲೆ ಡ್ರಗ್ ನೋಡೋಣ." ಪ್ಯಾಲಿಯೇಟಿವ್ ಎಂದರೆ ಗುಣಪಡಿಸಲು ಅಲ್ಲ, ನೋವು ಕಡಿಮೆ ಮಾಡಲು, ಹತೋಟಿಯಲ್ಲಿ ಇಡಲು ಕೊಡುವ ಚಿಕಿತ್ಸೆ. ಎರಡು ನಿಮಿಷ ಆಗಿತ್ತು. ನಾನು ಟೈಪ್ ಮಾಡಿ ಹತ್ತನೆಯ ಕೇಸ್ ತೆಗೆದೆ.

ಮಧ್ಯಾಹ್ನ ಓಪಿಡಿಯಲ್ಲಿ ಅವರ ಮಗನಿಗೆ ಹೇಳಿದಾಗ ನಾನೂ ಅಲ್ಲೇ ಇದ್ದೆ. ಅವರು ಕೇಳಿದ್ದು ಒಂದೇ ಮಾತು. "ಗುಣ ಆಗಲ್ವಾ ಮೇಡಂ?" ಡಾಕ್ಟರು ಕಂಟ್ರೋಲ್ ಮಾಡಬಹುದು ಅಂದರು. ಅವರು ತಲೆಯಾಡಿಸಿ ಫೈಲ್ ತೆಗೆದುಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಮ್ಮ ನನ್ನನ್ನು ನೋಡಿ, "ಬರೀ ಗ್ಯಾಸ್ಟ್ರಿಕ್ ಅಂತಾನೇ ಆರು ತಿಂಗಳು ಮಾತ್ರೆ ನುಂಗ್ದೆ ಕಣವ್ವ" ಅಂದರು.

ಎಂಟನೆಯ ದಿನ ಪೆಥಾಲಜಿ ಮೇಡಂ ಫೋನ್ ಮಾಡಿದರು. "ಇದನ್ನ ಮೆಟ್ಸ್ ಅಂತ ಬರೆದಿದ್ದು ಯಾರು?" ಐಎಚ್‌ಸಿ ಬಂದಿತ್ತು. ಸ್ತನದ ಕಡೆ ತೋರಿಸುವ ಗಾಟಾ-3 ನೆಗೆಟಿವ್, ಇಆರ್ ನೆಗೆಟಿವ್. ಜೀರ್ಣಾಂಗದ ಕಡೆ ತೋರಿಸುವ ಸಿಡಿಎಕ್ಸ್-2 ಪಾಸಿಟಿವ್. ಸುತ್ತಲಿನ ಪದರದಲ್ಲಿ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ (ಹೊಟ್ಟೆಯ ಪದರ ಕರುಳಿನ ಪದರದಂತೆ ಬದಲಾಗಿರುವುದು), ಜೊತೆಗೆ ಎಚ್ ಪೈಲೊರಿ ಬ್ಯಾಕ್ಟೀರಿಯಾ. ಇದು ಸ್ತನದಿಂದ ಬಂದದ್ದಲ್ಲ. ಹೊಟ್ಟೆಯಲ್ಲೇ ಹುಟ್ಟಿದ ಹೊಸ ಕ್ಯಾನ್ಸರ್. ಬೇರೆಲ್ಲೂ ಹರಡಿಲ್ಲ ಎಂದರೆ ಆಪರೇಶನ್ ಮಾಡಬಹುದಾದ ಕ್ಯಾನ್ಸರ್.

ನನ್ನ ಕೈ ತಣ್ಣಗಾಯಿತು. ಅಷ್ಟರಲ್ಲಿ ಆ ಅಮ್ಮ ಪೋರ್ಟ್ (ಕೀಮೋ ಕೊಡಲು ಚರ್ಮದಡಿ ಇಡುವ ಸಾಧನ) ಹಾಕಿಸಲು ಬರಬೇಕಿದ್ದ ದಿನ ದಾಟಿತ್ತು. ಬಂದಿರಲಿಲ್ಲ. ಫೈಲ್‌ನಲ್ಲಿದ್ದ ಮಗನ ನಂಬರ್ ಸ್ವಿಚ್ ಆಫ್. ಎರಡನೆಯದು ಊರಿನ ಅಂಗಡಿಯದು. ಅಂಗಡಿಯವರು ಮಗಳ ನಂಬರ್ ಹುಡುಕಿ ಕೊಡುತ್ತೇನೆ ಎಂದು ಇಟ್ಟರು. ಮತ್ತೆ ಮಾಡಿದೆ, ಬಿಜಿ. ಮತ್ತೆ ಮಾಡಿದೆ, ಬಿಜಿ. ಮೇಜಿನ ಮೇಲೆ ಅವರ ಫೈಲ್ ತೆರೆದೇ ಇತ್ತು. ಅದರ ಮೊದಲ ಪುಟದಲ್ಲಿ ನಾನೇ ಹಚ್ಚಿದ ಕೆಂಪು ಸ್ಟಿಕರ್, ಪ್ಯಾಲಿಯೇಟಿವ್ ಅಂತ. ಸುಮಾರು ನಲವತ್ತು ನಿಮಿಷ ಹೀಗೇ ಕಳೆಯಿತು. ಕೊನೆಗೆ ಮಗಳು ಸಿಕ್ಕಿದರು. ಅವರ ಮೂಲಕ ಮಗ ಸಿಕ್ಕಿದರು.

ಮನೆಯಲ್ಲೇ ನೋಡಿಕೊಳ್ಳೋಣ ಎಂದು ತೀರ್ಮಾನ ಮಾಡಿದ್ದರಂತೆ. ನಾಟಿ ಔಷಧಿ ಶುರುವಾಗಿತ್ತು. ನಾನು ವಿಷಯ ಹೇಳಿದಾಗ ಅವರು ಕೇಳಿದರು, "ಅವತ್ತು ಹರಡಿದೆ ಅಂದ್ರಲ್ಲ ಮೇಡಂ?"

"ಲಿಸ್ಟಲ್ಲಿ ಹಾಗೆ ಬರೆದದ್ದು ನಾನು. ತಪ್ಪಾಗಿದೆ. ದಯವಿಟ್ಟು ನಾಳೆಯೇ ಕರೆದುಕೊಂಡು ಬನ್ನಿ."

ತುಂಬಾ ಹೊತ್ತು ಮಾತಿಲ್ಲ. ಆಮೇಲೆ, "ಎಂಟು ದಿನದಿಂದ ಅಮ್ಮನ ಎದುರಿಗೆ ಊಟಕ್ಕೆ ಕೂರೋಕೂ ಆಗ್ತಿರಲಿಲ್ಲ ನಮಗೆ" ಅಂದರು. ಬೈದಿದ್ದರೆ ಪರವಾಗಿರಲಿಲ್ಲ.

ಮುಂದಿನದು ಸರಿಯಾಗಿ ನಡೆಯಿತು. ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಬೇರೆಲ್ಲೂ ಹರಡಿರಲಿಲ್ಲ. ಸಿಟಿ2 ಎನ್0, ಅಂದರೆ ಗಡ್ಡೆ ಹೊಟ್ಟೆಯ ಸ್ನಾಯು ಪದರದವರೆಗೆ ಮಾತ್ರ, ನೋಡ್ಸ್‌ಗೆ ಹೋಗಿಲ್ಲ. ಆದರೆ ಒಮ್ಮೆ ಕ್ಯಾನ್ಸರ್ ಬಂದು ಹೋದವರಿಗೆ ಎರಡನೆಯದರ ಚಿಕಿತ್ಸೆ ಕೊಡುವಾಗ ಹಳೆಯ ಲೆಕ್ಕವನ್ನೂ ತೆಗೆಯಬೇಕಾಗುತ್ತದೆ. 11 ವರ್ಷದ ಹಿಂದೆ ಅವರಿಗೆ ನಾಲ್ಕು ಸೈಕಲ್ ಎಸಿ, ಅಂದರೆ ಡಾಕ್ಸೊರುಬಿಸಿನ್ ಸೇರಿದ ಕೀಮೋ, ಕೊಟ್ಟಿದ್ದರು. ಡಾಕ್ಸೊರುಬಿಸಿನ್ ಹೃದಯದ ಮೇಲೆ ಮಾಡುವ ಪರಿಣಾಮ ಜೀವಮಾನದ ಒಟ್ಟು ಡೋಸ್ ಮೇಲೆ ನಿಂತಿದೆ. ಹಾಗಾಗಿ ಮೊದಲು ಎಕೋ ಆಯಿತು. ಹೊಟ್ಟೆಗೆ ಮೊದಲೆಲ್ಲ ಕೊಡುತ್ತಿದ್ದ ಇಸಿಎಫ್ ಎಂಬ ಕೀಮೋದಲ್ಲಿ ಅದೇ ಗುಂಪಿನ ಎಪಿರುಬಿಸಿನ್ ಇತ್ತು. ಈಗ ಕೊಡುವ ಫ್ಲಾಟ್ (FLOT) ಎಂಬ ಕೀಮೋದಲ್ಲಿ ಅದಿಲ್ಲ, ಅದೊಂದು ಸಮಾಧಾನ. ಆದರೆ ಆಗ ಕೊಟ್ಟಿದ್ದ ಇನ್ನೊಂದು ಕೀಮೋ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಅವರ ಪಾದ ಇನ್ನೂ ಜುಮ್ಮೆನ್ನುತ್ತಿತ್ತು. ಫ್ಲಾಟ್‌ನಲ್ಲಿರುವ ಆಕ್ಸಾಲಿಪ್ಲಾಟಿನ್ ಅದನ್ನೇ ಜಾಸ್ತಿ ಮಾಡುವ ಔಷಧಿ. ಡೋಸ್ ಸ್ವಲ್ಪ ಇಳಿಸಿದರು. ಆಪರೇಶನ್‌ಗೆ ಮುಂಚೆ ನಾಲ್ಕು ಸೈಕಲ್, ಆಮೇಲೆ ನಾಲ್ಕು. ಕೊನೆಯದೊಂದು ಅವರ ಕೈಲಿ ಆಗಲಿಲ್ಲ, ಬಿಟ್ಟರು.

ಈ ಕೇಸ್ ಆದಮೇಲೆ ನಾನು ಓದಲು ಶುರು ಮಾಡಿದೆ. ಇಂಥವರ ಬಗ್ಗೆ ಅಂಕಿಅಂಶ ಯಾಕೆ ಕಡಿಮೆ ಎಂದು ಆಗ ಗೊತ್ತಾಯಿತು. ಎಷ್ಟೋ ಟ್ರಯಲ್‌ಗಳಲ್ಲಿ ಕಳೆದ 5 ವರ್ಷದಲ್ಲಿ ಬೇರೆ ಕ್ಯಾನ್ಸರ್ ಇದ್ದವರನ್ನು ಸೇರಿಸಿಕೊಳ್ಳುವುದೇ ಇಲ್ಲ. ಎಷ್ಟೋ ಸರ್ವೈವಲ್ ಲೆಕ್ಕಗಳಲ್ಲೂ ಅವರನ್ನು ಹೊರಗೆ ಇಡುತ್ತಾರೆ. ಹೀಗೆ ಒಮ್ಮೆ ಗೆದ್ದು ಬಂದವರಿಗೆ ಎರಡನೆಯ ಸಲ ಏನು ಹೇಳಬೇಕು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ತೆಳುವಾಗಿದೆ. ಆ ಜಾಗವನ್ನು ನಮ್ಮ ಊಹೆ ತುಂಬುತ್ತದೆ. ನಾನು ಮಾಡಿದ್ದೂ ಅದನ್ನೇ.

ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಮಾತು ಯಾವ ಹಂತದಲ್ಲಿ ಸಿಕ್ಕಿತು ಎಂಬುದು. 2010ರಿಂದ 2014ರೊಳಗೆ ಪತ್ತೆಯಾದವರನ್ನು ನೋಡಿದರೆ, 5 ವರ್ಷ ಬದುಕಿದವರು ದಕ್ಷಿಣ ಕೊರಿಯಾದಲ್ಲಿ ಸುಮಾರು 69%, ನಮ್ಮ ದೇಶದಲ್ಲಿ ಸುಮಾರು 9%. ಅಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಇದೆ. ಇಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಇದೆ. ಹಿಂದೆ ಕ್ಯಾನ್ಸರ್ ಬಂದಿದ್ದವರು ಮೊದಲೇ ಫಾಲೋಅಪ್‌ನಲ್ಲಿ ಇರುತ್ತಾರೆ ಅಲ್ವಾ? ಅವರ ಎರಡನೆಯ ಕ್ಯಾನ್ಸರ್ ಬೇಗ ಸಿಗಬೇಕು. ಆದರೆ ನಮ್ಮ ಫಾಲೋಅಪ್‌ನಲ್ಲಿ ಸ್ತನ ನೋಡುವವರು ಸ್ತನವನ್ನಷ್ಟೇ ನೋಡುತ್ತಾರೆ. ಹಸಿವಿಲ್ಲ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ ಎಂದು ಈ ಅಮ್ಮ ಹೇಳಿದ್ದು ಫೈಲ್‌ನಲ್ಲಿ ಇದೆ. ಎಂಡೋಸ್ಕೋಪಿ ಬರೆದದ್ದು ಅದಾಗಿ ನಾಲ್ಕು ತಿಂಗಳಿಗೆ.

ಈಗ ನನ್ನ ಲಿಸ್ಟ್‌ನಲ್ಲಿ ಹಳೆಯ ಕ್ಯಾನ್ಸರ್‌ಗೆ ಒಂದು ಸಾಲು, ಹೊಸ ಬಯಾಪ್ಸಿಗೆ ಬೇರೆ ಸಾಲು. ಐಎಚ್‌ಸಿ ಬಾರದೆ ಮೆಟ್ಸ್ ಎಂಬ ಪದ ಬರೆಯುವುದಿಲ್ಲ. ಪೆಥಾಲಜಿಯವರು ಇಲ್ಲದ ದಿನ ಇಂಥ ಕೇಸ್ ಹಾಕುವುದಿಲ್ಲ. ಇದಕ್ಕಾಗಿ ಒಂದೆರಡು ಸಲ ಬೈಸಿಕೊಂಡಿದ್ದೇನೆ. ಸಾಫ್ಟ್‌ವೇರ್‌ನಲ್ಲಿ ಎರಡನೆಯ ಪ್ರೈಮರಿಗೆ, ಅಂದರೆ ಹೊಸದಾಗಿ ಹುಟ್ಟಿದ ಕ್ಯಾನ್ಸರ್‌ಗೆ, ಒಂದು ಆಯ್ಕೆ ಕೊಡಿ ಎಂದು ಮೂರು ಸಲ ಟಿಕೆಟ್ ಹಾಕಿದೆ. ಮೂರೂ ಸಲ ಕ್ಲೋಸ್ ಮಾಡಿದರು, ಬದಲಾವಣೆ ಮಾತ್ರ ಆಗಿಲ್ಲ.

ಅಮ್ಮನಿಗೆ ಆಪರೇಶನ್ ಆಗಿ ಎರಡು ವರ್ಷ ದಾಟಿದೆ. ಬಿ12 ಇಂಜೆಕ್ಷನ್‌ಗೆ ಬಂದಾಗ ನನ್ನ ಮೇಜಿನ ಹತ್ತಿರ ನಿಲ್ಲುತ್ತಾರೆ. ಒಂದೇ ಸಲಕ್ಕೆ ಒಂದು ಇಡ್ಲಿ ಮೇಲೆ ಆಗಲ್ಲವಂತೆ, ದಿನಕ್ಕೆ ಆರು ಸಲ ತಿನ್ನುತ್ತಾರಂತೆ. ಆ ಎಂಟು ದಿನದ ಬಗ್ಗೆ ಮಗ ಅವರಿಗೆ ಹೇಳಿದ್ದಾರೋ ಇಲ್ಲವೋ, ನಾನು ಕೇಳಿಲ್ಲ.

ಈ ವಾರದ ಲಿಸ್ಟ್‌ನಲ್ಲಿ ಇನ್ನೊಬ್ಬರಿದ್ದಾರೆ. ಒಂಬತ್ತು ವರ್ಷದ ಹಿಂದೆ ದೊಡ್ಡ ಕರುಳಿನ ಕ್ಯಾನ್ಸರ್, ಈಗ ಹೊಟ್ಟೆಯಲ್ಲಿ ಗಡ್ಡೆ. ಹಳೆಯ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಂಡು) ಬೇರೆ ಊರಿನ ಲ್ಯಾಬ್‌ನಲ್ಲಿದೆ. ಲಿಂಚ್, ಅಂದರೆ ವಂಶದಲ್ಲಿ ಬರುವ ಕ್ಯಾನ್ಸರ್ ಪ್ರವೃತ್ತಿ, ಇರಬಹುದಾ ಎಂದು ನೋಡಲು ಎಂಎಂಆರ್ ಎಂಬ ಪರೀಕ್ಷೆ ಕೂಡ ಬೇಕು. ಬ್ಲಾಕ್ ಕಳಿಸಲು ಹತ್ತು ದಿನ ಅಂದರು. ಬೆಳಿಗ್ಗೆಯಿಂದ ನಾಲ್ಕು ಸಲ ಫೋನ್ ಮಾಡಿದ್ದೇನೆ. ಸೋಮವಾರ ಕೊರಿಯರ್ ಮಾಡುತ್ತಾರಂತೆ.