ಕಲ್ಯಾಣಿಯ ತಳದಿಂದ ಗುರುವನ್ನು ನೋಡಿದ್ದು

2024ರ ಡಿಸೆಂಬರ್ 7, ಶನಿವಾರ. ಗುರು ಗ್ರಹ ಸೂರ್ಯನಿಗೆ ನೇರ ಎದುರು ಬರುವ ದಿನ. ಇತ್ತ ಸೂರ್ಯ ಮುಳುಗಿದರೆ ಅತ್ತ ಗುರು ಹುಟ್ಟುತ್ತದೆ, ಬೆಳಗಿನವರೆಗೂ ಕಾಣುತ್ತದೆ. ಭೂಮಿಗೆ ಹತ್ತಿರವೂ ಇರುತ್ತದೆ. ಹತ್ತಿರ ಅಂದ್ರೂ ಅವತ್ತು ಸುಮಾರು 61 ಕೋಟಿ ಕಿಲೋಮೀಟರ್ ದೂರ. ಒಂದು ತಿಂಗಳ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ.

ಆ ವಾರದ ಶುರುವಿನಲ್ಲಿ ಫೆಂಗಲ್ ಚಂಡಮಾರುತದ ಮಳೆ ನಮ್ಮ ಮೈಸೂರನ್ನೂ ತೋಯಿಸಿ ಹೋಗಿತ್ತು. ಶನಿವಾರದ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಗುರುವಿನ ಪಕ್ಕದಲ್ಲಿ ರೋಹಿಣಿ ನಕ್ಷತ್ರ ಕೆಂಪಗೆ ಪಟಪಟ ಮಿನುಗುತ್ತಿತ್ತು. ಇದಕ್ಕಿಂತ ಒಳ್ಳೆ ರಾತ್ರಿ ಸಿಗಲ್ಲ ಅಂತ ಖುಷಿಯಾಗಿ ಪಕ್ಕದ ಮನೆಯವರನ್ನೂ ಕರೆದೆ. ರೂಮಿನಲ್ಲಿದ್ದ 6 ಇಂಚು ಕನ್ನಡಿಯ ಟೆಲಿಸ್ಕೋಪನ್ನು ತಾರಸಿಗೆ ಹೊತ್ತುಕೊಂಡು ಹೋಗಿ, ಎಂಟು ಗಂಟೆಗೆ ಗುರುವಿನ ಕಡೆ ತಿರುಗಿಸಿದೆ.

ಚೂರೂ ನಿಲ್ಲಲಿಲ್ಲ. ದುಂಡಗಿನ ಬಿಳಿ ಬಿಲ್ಲೆ, ಸುತ್ತ ಅಂಚು ನಡುಗುತ್ತಿದೆ. ಎರಡು ಕಂದು ಪಟ್ಟೆ ಇವೆಯೋ ಇಲ್ಲವೋ ಅನ್ನುವ ಹಾಗೆ ಬಂದು ಹೋಗುತ್ತಿವೆ. ಫೋಕಸ್ ಹಿಂದೆ ಮುಂದೆ ತಿರುಗಿಸಿದ್ದೇ ತಿರುಗಿಸಿದ್ದು. 120 ಪಟ್ಟು ದೊಡ್ಡದು ಮಾಡಿದರೆ ಹೀಗೆ, 200 ಪಟ್ಟು ಮಾಡಿದರೆ ಇನ್ನೂ ಕೆಟ್ಟದಾಯಿತು. ಪಕ್ಕದ ಮನೆಯ ಹುಡುಗಿ, ಮೂರನೇ ಕ್ಲಾಸು, ಸ್ಟೂಲ್ ಹತ್ತಿ ನೋಡಿ, "ಅಂಕಲ್, ಇದು ಯಾಕೆ ಕುದೀತಾ ಇದೆ?" ಅಂತ ಕೇಳಿದಳು. ನನ್ನ ನೋಟ್‌ಬುಕ್ ಇಸ್ಕೊಂಡು ತಾನು ಕಂಡದ್ದನ್ನು ಬರೆದಳು. ಪೂರಿಯ ಅಂಚಿನ ಹಾಗೆ ಸೊಟ್ಟಸೊಟ್ಟಗಿನ ಒಂದು ಸುತ್ತು.

ಕೊನೆಗೆ ಅಮ್ಮ ನೋಡಿದರು. ಸ್ವಲ್ಪ ಹೊತ್ತು ಕಣ್ಣಿಟ್ಟುಕೊಂಡೇ ಇದ್ದು, "ಕಲ್ಯಾಣಿ ತಳದಲ್ಲಿ ಬಿದ್ದಿರೋ ಕಾಸು ಕಾಣುತ್ತಲ್ಲ, ಹಂಗೇ ಕಾಣುತ್ತೆ ಕಣೋ" ಅಂದರು.

ಎಲ್ಲರೂ ಇಳಿದು ಹೋದ ಮೇಲೆ ನಾನೊಬ್ಬನೇ ಕೂತೆ. ಕನ್ನಡಿ ವಾಲಿದೆಯೇನೋ ಅಂತ ನೋಡಿದೆ, ಸರಿಯಾಗೇ ಇತ್ತು. ರೋಹಿಣಿಯ ಕಡೆ ತಿರುಗಿಸಿ ಬೇಕಂತಲೇ ಫೋಕಸ್ ಕೆಡಿಸಿದೆ. ಚುಕ್ಕಿ ಉಬ್ಬಿ ದೊಡ್ಡ ಬೆಳಕಿನ ಬಿಲ್ಲೆಯಾಯಿತು. ಅದರೊಳಗೆ ಒಲೆಯ ಹೊಗೆ ಏಳುವ ಹಾಗೆ ಎಳೆಎಳೆಯಾಗಿ ಏನೋ ಹರಿಯುತ್ತಿತ್ತು. ಕೊಳವೆಯ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಬಿಲ್ಲೆಯಲ್ಲಿ ನನ್ನ ಬೆರಳುಗಳ ನೆರಳು ಕಂಡಿತು. ಒಂದೊಂದು ಬೆರಳಿನಿಂದಲೂ ಬಿಸಿ ಗಾಳಿ ಸುರುಳಿಸುರುಳಿಯಾಗಿ ಏಳುತ್ತಿತ್ತು! ಮೈಶಾಖ ಕಣ್ಣಿಗೆ ಕಾಣುವುದನ್ನು ನಾನು ಅದೇ ಮೊದಲು ನೋಡಿದ್ದು. ಕೈ ತೆಗೆದರೂ ಒಳಗಿನ ಹರಿದಾಟ ನಿಲ್ಲಲಿಲ್ಲ. ಬೆಚ್ಚಗಿನ ರೂಮಿನಿಂದ ತಂದ ಕನ್ನಡಿ ಇನ್ನೂ ಬಿಸಿ ಬಿಡುತ್ತಿತ್ತು. ತಾರಸಿಗೆ ಅಂಗೈ ಒತ್ತಿದರೆ ಅದೂ ಬೆಚ್ಚಗೆ. ಹಗಲೆಲ್ಲ ಬಿಸಿಲು ಕುಡಿದ ಕಾಂಕ್ರೀಟು ರಾತ್ರಿ ಕಾದ ಕಾವಲಿಯ ಕೆಲಸ ಮಾಡುತ್ತಿತ್ತು.

ಅಮ್ಮ ಹೇಳಿದ್ದು ಅಕ್ಷರಶಃ ನಿಜ ಅಂತ ಆಗ ಹೊಳೆಯಿತು. ಬಿಸಿ ಗಾಳಿ ಬೆಳಕನ್ನು ಬಗ್ಗಿಸುವುದು ಒಂದು ಥರ, ತಣ್ಣನೆ ಗಾಳಿ ಇನ್ನೊಂದು ಥರ. ಎರಡೂ ಕಲಸಿಕೊಂಡು ಹರಿಯುತ್ತಿದ್ದರೆ ಬೆಳಕಿನ ದಾರಿ ಗಳಿಗೆಗೊಮ್ಮೆ ತಪ್ಪುತ್ತದೆ. ನಕ್ಷತ್ರ ಮಿನುಗುವುದೂ ಇದರಿಂದಲೇ. ಅಂದರೆ ನಾನು ಖುಷಿಪಟ್ಟ ಆ ಪಟಪಟ ಮಿನುಗೇ ಆ ರಾತ್ರಿಯ ದೋಷ. ಮೋಡ ಇಲ್ಲದಿರುವುದು ಬೇರೆ, ಗಾಳಿ ಕದಡದೆ ಇರುವುದು ಬೇರೆ. ಮಳೆ ಬಂದು ಹೋದ ಮೇಲೆ ಧೂಳು ತೊಳೆದು ಹೋಗಿರುತ್ತದೆ, ಆದರೆ ಮೇಲಿನ ಗಾಳಿ ಇನ್ನೂ ಅಲ್ಲಾಡುತ್ತಾ ಇರಬಹುದು. ಮಸುಕಾದ ನಕ್ಷತ್ರಗುಚ್ಛ ನೋಡುವುದಕ್ಕೆ ಅಂಥ ಆಕಾಶ ಚೆನ್ನ. ಗ್ರಹಕ್ಕೆ ಬೇಕಾದದ್ದು ನಿಂತ ಗಾಳಿ. ಗುರು ಎಷ್ಟು ಹೊಳೆಯುತ್ತದೆ ಅಂದರೆ ಸ್ವಲ್ಪ ಮಂಜು ಅದಕ್ಕೆ ಲೆಕ್ಕಕ್ಕೇ ಇಲ್ಲ.

ನಾನು ನೋಡಿದ ಹೊತ್ತೂ ತಪ್ಪು. ಎಂಟು ಗಂಟೆಗೆ ಗುರು ಪೂರ್ವದಲ್ಲಿ ಸುಮಾರು 30 ಡಿಗ್ರಿ ಎತ್ತರದಲ್ಲಿತ್ತು. ಆ ಎತ್ತರದಲ್ಲಿ ಬೆಳಕು ನೆತ್ತಿಯ ಮೇಲಿನದಕ್ಕಿಂತ ಎರಡು ಪಟ್ಟು ಗಾಳಿ ದಾಟಿ ಬರಬೇಕು. ಸಾಲದ್ದಕ್ಕೆ ಬೀದಿಯ ಎಲ್ಲ ತಾರಸಿಗಳ ಕಾವು ಬೇರೆ. ಆ ವರ್ಷ ಗುರು ವೃಷಭ ರಾಶಿಯಲ್ಲಿ ಇದ್ದುದರಿಂದ ನಡುರಾತ್ರಿ ಮೈಸೂರಿನಲ್ಲಿ ಹೆಚ್ಚುಕಡಿಮೆ ನೆತ್ತಿಗೇ ಬರುತ್ತಿತ್ತು. ಯುರೋಪಿನ ಹೆಚ್ಚಿನವರಿಗೆ ಗ್ರಹಗಳು ಇಷ್ಟು ಮೇಲಕ್ಕೆ ಬರುವುದೇ ಇಲ್ಲ. ನಮಗೆ ಇಂಥ ಭಾಗ್ಯವಿದ್ದೂ ನಾನು ಊಟಕ್ಕೆ ಮುಂಚೆ ಮುಗಿಸಲು ಹೊರಟಿದ್ದೆ.

ದೊಡ್ಡ ಟೆಲಿಸ್ಕೋಪಿನವರೂ ಈ ಗಾಳಿಯಿಂದ ತಪ್ಪಿಸಿಕೊಂಡವರಲ್ಲ. 1909ರಲ್ಲಿ ಪ್ಯಾರಿಸ್ ಹತ್ತಿರದ ಮ್ಯೂಡನ್‌ನಲ್ಲಿ ಅಂಟೋನಿಯಾಡಿ ಅನ್ನುವ ಖಗೋಳಜ್ಞ 83 ಸೆಂಟಿಮೀಟರ್ ಮಸೂರದ ಟೆಲಿಸ್ಕೋಪಿನಿಂದ ಮಂಗಳವನ್ನು ನೋಡಿದ. ಗಾಳಿ ಚೆನ್ನಾಗಿ ನಿಂತ ಹೊತ್ತಿನಲ್ಲಿ, ಜನ ಕಾಲುವೆಗಳು ಅಂತ ನಂಬಿದ್ದ ಗೆರೆಗಳು ಅವನಿಗೆ ಗೆರೆಗಳಾಗಿ ಕಾಣಲಿಲ್ಲ, ಬಿಡಿಬಿಡಿ ಕಲೆಗಳಾಗಿ ಕಂಡವು. ಗಾಳಿಯ ನಿಲುವಿಗೆ ಒಂದರಿಂದ ಐದರವರೆಗೆ ಅಂಕ ಕೊಡುವ ಅವನ ಪದ್ಧತಿ ಇವತ್ತಿಗೂ ಚಾಲ್ತಿಯಲ್ಲಿದೆ. ಒಂದು ಅಂದರೆ ಅಲುಗಾಟವೇ ಇಲ್ಲ, ಐದು ಅಂದರೆ ಚಿತ್ರ ಬರೆಯಲೂ ಆಗದಷ್ಟು ಕೆಟ್ಟದ್ದು. ನಮ್ಮವರು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಟೆಲಿಸ್ಕೋಪ್ ಇಟ್ಟು, ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು ಅದನ್ನು ನಡೆಸುತ್ತಾರೆ. ಅಮ್ಮನ ಮಾತಲ್ಲೇ ಹೇಳುವುದಾದರೆ, ಅದು ಕಲ್ಯಾಣಿಯ ಮೆಟ್ಟಿಲು ಹತ್ತಿ ಹತ್ತಿ ಹೆಚ್ಚುಕಡಿಮೆ ಅರ್ಧ ನೀರು ಕೆಳಗೆ ಬಿಟ್ಟ ಹಾಗೆ.

ನನಗೆ ಹತ್ತಲು ಮೆಟ್ಟಿಲಿಲ್ಲ. ಇದ್ದದ್ದು ಹಿತ್ತಲು.

ಮುಂದಿನ ಶನಿವಾರ, 14ನೇ ತಾರೀಕು. ಹೊಸ್ತಿಲ ಹುಣ್ಣಿಮೆಯ ಚಂದ್ರ ಗುರುವಿನ ಪಕ್ಕದಲ್ಲೇ ಇದ್ದ. ತೆಳುವಾಗಿ ಮಂಜು. ರೋಹಿಣಿ ಬಿಟ್ಟರೆ ಸುತ್ತಮುತ್ತ ನಕ್ಷತ್ರಗಳೇ ಕಾಣುತ್ತಿರಲಿಲ್ಲ. ಆದರೆ ರೋಹಿಣಿ ಮಿನುಗುತ್ತಿರಲಿಲ್ಲ, ದೇವರ ಮುಂದಿನ ದೀಪದ ಹಾಗೆ ನಿಂತಿತ್ತು. ಒಂಬತ್ತಕ್ಕೇ ಟೆಲಿಸ್ಕೋಪನ್ನು ಹಿತ್ತಲಿಗೆ ತಂದು, ದಾಸವಾಳದ ಗಿಡದ ಪಕ್ಕ ಹುಲ್ಲಿನ ಮೇಲೆ ಇಟ್ಟು, ಮುಚ್ಚಳ ತೆಗೆದು ಒಳಗೆ ಹೋದೆ. ಕನ್ನಡಿ ತನ್ನಷ್ಟಕ್ಕೆ ತಣ್ಣಗಾಗಲಿ ಅಂತ.

ಹನ್ನೊಂದೂವರೆಗೆ ಕಣ್ಣಿಟ್ಟೆ. 200 ಪಟ್ಟು. ಮೊದಲ ನಿಮಿಷ ಸ್ವಲ್ಪ ಅಲುಗಾಟ. ಸುಮ್ನೆ ನೋಡುತ್ತಾ ಕೂತೆ. ಆಮೇಲೆ ಒಮ್ಮೆಲೇ, ಯಾರೋ ನೀರಿನ ಮೇಲೆ ಕೈಯಿಟ್ಟು ನಿಲ್ಲಿಸಿದ ಹಾಗೆ, ಗುರು ನಿಂತಿತು. ಎರಡಲ್ಲ, ಐದಾರು ಪಟ್ಟೆಗಳು. ನಡುವಿನ ದಪ್ಪ ಪಟ್ಟೆಯ ಅಂಚಿನಿಂದ ಬೂದುನೀಲಿ ಎಳೆಗಳು ಕೊಕ್ಕೆಯ ಹಾಗೆ ಬಿಳಿ ಭಾಗಕ್ಕೆ ಇಳಿದಿದ್ದವು. ಪಟ್ಟೆಯೂ ಸಪಾಟಾಗಿರಲಿಲ್ಲ, ಒಳಗೆ ಗಂಟುಗಂಟು. ಪಕ್ಕದ ಉಪಗ್ರಹಗಳು ಬರೀ ಚುಕ್ಕಿಯಲ್ಲ, ಸಾಸಿವೆಗಿಂತ ಸಣ್ಣ ಬಿಲ್ಲೆಗಳು. ಎರಡು ಮೂರು ಸೆಕೆಂಡು ಅಷ್ಟೇ. ಮತ್ತೆ ಕದಡಿತು. ಮತ್ತೆ ನಿಂತಿತು. ಉಸಿರು ಬಿಟ್ಟರೆ ಐಪೀಸಿಗೆ ಮಂಜು ಹಿಡಿಯುತ್ತದೆ ಅಂತ ಉಸಿರು ಹಿಡಿದುಕೊಂಡೇ ನೋಡಿದೆ. ನೋಟ್‌ಬುಕ್ಕಿನಲ್ಲಿ ಆ ರಾತ್ರಿಗೆ ಎರಡು ಅಂತ ಅಂಕ ಬರೆದೆ. 7ನೇ ತಾರೀಕಿನ ಪುಟಕ್ಕೆ ಹಿಂದಿರುಗಿ, ಆ ಸೊಟ್ಟ ಸುತ್ತಿನ ಪಕ್ಕ ಐದು ಅಂತ ಬರೆದೆ.

ಅಮ್ಮನನ್ನು ಎಬ್ಬಿಸಿದೆ. ಶಾಲು ಹೊದ್ದುಕೊಂಡು ಬಂದು ನೋಡಿದರು. ಏನೂ ಮಾತಾಡಲಿಲ್ಲ. ನಾನು ಎರಡು ಸಲ ಗುರುವನ್ನು ನಡುವಿಗೆ ತಂದುಕೊಟ್ಟರೂ ಜಾಗ ಬಿಟ್ಟುಕೊಡಲಿಲ್ಲ. ಒಂದೂವರೆಗೆ ಮಂಜು ದಟ್ಟವಾಗಿ, ಕೊಳವೆಯ ಮೇಲಿಂದ ನೀರು ತೊಟ್ಟಿಕ್ಕುವವರೆಗೂ ನಾವಿಬ್ಬರೂ ಸರದಿಯ ಮೇಲೆ ನೋಡಿದೆವು.

ಅದರ ಮುಂದಿನ ಶನಿವಾರ ಪಕ್ಕದ ಮನೆ ಹುಡುಗಿ ಊಟ ಮುಗಿಸಿ ಸ್ವೆಟರ್ ಹಾಕಿಕೊಂಡು ಹಿತ್ತಲಿಗೇ ಬಂದಳು. ಸ್ಟೂಲ್ ಹತ್ತಲಿಲ್ಲ. ಮೊದಲು ಹುಲ್ಲು ಮುಟ್ಟಿ ನೋಡಿದಳು. ಆಮೇಲೆ ಕೊಳವೆಯ ಬಾಯಿಗೆ ಕೈ ಅಡ್ಡ ಹಿಡಿದು, "ಅಂಕಲ್, ಕನ್ನಡಿ ತಣ್ಣಗಾಯ್ತಾ? ನನ್ನ ಬೆರಳಿನ ಬಿಸಿ ತೋರಿಸಿ" ಅಂದಳು.