ಬ್ಲೂಸ್ ಸಂಜೆಯ ಗುಂಯ್ ಸದ್ದು ಕೊನೆಗೂ ಸಿಕ್ಕಿಬಿತ್ತು

ಸಿಕ್ಕಿತು! ಮೂರು ಗಿಟಾರ್ ಕಾರ್ಯಕ್ರಮಗಳಿಂದ ನಮ್ಮನ್ನು ಕಾಡುತ್ತಿದ್ದ ಸ್ಪೀಕರಿನ ಗುಂಯ್ ಸದ್ದಿನ ಮೂಲ ಶನಿವಾರ ಸಂಜೆ ಆರೂಕಾಲಕ್ಕೆ ಪತ್ತೆಯಾಯಿತು. ಬಾಗಿಲು ತೆರೆಯಲು ಇನ್ನು ಮುಕ್ಕಾಲು ಗಂಟೆಯಷ್ಟೇ ಇತ್ತು. ಕುರ್ಚಿ ಜೋಡಿಸುವುದು, ಟಿಕೆಟ್ ನೋಡಿ ಒಳಬಿಡುವುದು, ಕಲಾವಿದರಿಗೆ ಕಾಫಿ ತರುವುದು ಇವೆಲ್ಲ ಸ್ವಯಂಸೇವೆ ಮಾಡಿದ ಯಾರಿಗೂ ಹೊಸದಲ್ಲ. ಅದನ್ನೆಲ್ಲ ಬಿಟ್ಟು ನೇರವಾಗಿ ಸದ್ದಿಗೇ ಬರುತ್ತೇನೆ.

ನಮ್ಮದು ಬೆಂಗಳೂರಿನ ಒಂದು ಬಡಾವಣೆಯ 120 ಕುರ್ಚಿಗಳ ಪುಟ್ಟ ಸಭಾಂಗಣ. ಹರಿಕಥೆಗಾಗಲಿ ನೃತ್ಯಕ್ಕಾಗಲಿ ಈ ಸದ್ದು ತೊಂದರೆ ಕೊಟ್ಟದ್ದಿಲ್ಲ. ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ವಿಷಯ ಬೇರೆ. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳಖಂಡಗಳ, ಸುತ್ತಿನಲ್ಲಿ ಗಾಯಕ ಒಂದು ಸಾಲು ಹಾಡಿ ನಿಲ್ಲಿಸುತ್ತಾನೆ, ಗಿಟಾರ್ ಅದಕ್ಕೆ ಉತ್ತರ ಕೊಡುತ್ತದೆ. ಆ ನಡುವಿನ ಅರೆಕ್ಷಣ ಪೂರ್ತಿ ಖಾಲಿಯಿರಬೇಕು. ಅಲ್ಲಿ ಸ್ಪೀಕರ್ ಗುಂಯ್‌ಗುಟ್ಟಿದರೆ ಉತ್ತರ ಬರುವ ಮೊದಲೇ ಯಾರೋ ಬಾಯಿ ಹಾಕಿದ ಹಾಗಾಗುತ್ತದೆ.

ಮೊನ್ನೆಯ ವಾದಕರು ಲೋಹದ ಶಂಕುವಿನಿಂದ ನಾದ ಹೆಚ್ಚಿಸುವ ರೆಸೊನೇಟರ್ ಗಿಟಾರನ್ನು ತೆರೆದ ಜಿ ಶ್ರುತಿಗೆ, ಅಂದರೆ ಬೆರಳಿಡದೆ ಮೀಟಿದರೂ ಜಿ ಸ್ವರಮೇಳ ಬರುವಂತೆ, ಕೂಡಿಸಿದ್ದರು. ಐದನೆಯ ತಂತಿ ಜಿ, ಅಂದರೆ 98 ಹರ್ಟ್ಸ್, ಸೆಕೆಂಡಿಗೆ 98 ಕಂಪನ. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್, ಅದರ ಇಮ್ಮಡಿ 100; ಗುಂಯ್ ಸದ್ದಿನಲ್ಲಿ ಅದೂ ಇರುತ್ತದೆ. ಆ ತಂತಿಯನ್ನು ಮೀಟಿ ಬಿಟ್ಟರೆ 98ಕ್ಕೂ 100ಕ್ಕೂ ತಿಕ್ಕಾಟವಾಗಿ, ಸೆಕೆಂಡಿಗೆ ಎರಡು ಸಲ ಸ್ವರ ಏರಿಳಿಯುತ್ತಿತ್ತು. ತಂಬೂರಿ ಕೂಡಿಸಿ ಅಭ್ಯಾಸವಿರುವವರಿಗೆ ಅದನ್ನು ಕೇಳಿಸಿಕೊಳ್ಳುವುದು ಎಂಥ ಹಿಂಸೆ ಎಂದು ವಿವರಿಸಬೇಕಿಲ್ಲ. ಕಾವಲುಗಾರ ಅಣ್ಣ ಒಳಗೆ ಇಣುಕಿ, “ಸರ್, ಇವತ್ತು ಇಂಗ್ಲಿಷ್ ಹಾಡಿಗೂ ಶ್ರುತಿಪೆಟ್ಟಿಗೆ ಇಟ್ಟಿದ್ದೀರಾ?” ಎಂದು ಕೇಳಿದಾಗ ವೇದಿಕೆಯ ಮೇಲಿದ್ದವರೆಲ್ಲ ನಕ್ಕುಬಿಟ್ಟರು.

ಮೊದಲು ತಿಳಿದದ್ದು, ಅಲ್ಲಿ ಇದ್ದದ್ದು ಒಂದಲ್ಲ, ಎರಡು ಸದ್ದು ಎಂಬುದು. ವಾದಕರ ಇನ್ನೊಂದು ಗಿಟಾರ್ ಸಿಂಗಲ್ ಕಾಯಿಲ್ ಪಿಕಪ್‌ನದು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಒಂದೇ ಸುರುಳಿಯದು. ಅದರ ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೆ ಜರ್ ಎನ್ನುವ ಒರಟು ಸದ್ದು ನಿಲ್ಲುತ್ತಿತ್ತು, ದಪ್ಪನೆಯ ಗುಂಯ್ ಹಾಗೆಯೇ ಉಳಿಯುತ್ತಿತ್ತು. ಜರ್ ಸದ್ದಿಗೆ ಕಾರಣ ದೀಪಗಳ ಡಿಮ್ಮರ್. ಬೆಳಕನ್ನು ಅರ್ಧಕ್ಕೆ ಇಳಿಸಿದಾಗ ಅದು ವಿದ್ಯುತ್ತಿನ ಅಲೆಯನ್ನು ಸೆಕೆಂಡಿಗೆ 100 ಸಲ ಕತ್ತರಿಸುತ್ತದೆ, ಪಿಕಪ್ ಅದನ್ನು ಹಿಡಿದುಕೊಳ್ಳುತ್ತದೆ. ವೇದಿಕೆಯ ಹತ್ತಿರದ ಎರಡು ದೀಪಗಳನ್ನು ಆರಿಸಿ, ಉಳಿದವನ್ನು ಪೂರ್ತಿ ಬೆಳಗಿಸಿದೆವು. ಆಮೇಲೆ ವಾದಕರು ನಿಂತಲ್ಲೇ ನಿಧಾನವಾಗಿ ತಿರುಗುತ್ತ ಹೋದರು. ಒಂದು ಕೋನದಲ್ಲಿ ಸದ್ದು ಹೆಚ್ಚುಕಡಿಮೆ ಇಲ್ಲವಾಯಿತು. ಅವರ ಎರಡು ಪಾದಗಳಿಗೂ ನೆಲದ ಮೇಲೆ ಬಿಳಿ ಟೇಪ್ ಅಂಟಿಸಿದೆ. ಎರಡು ಸುರುಳಿ ಸೇರಿ ಇಂಥ ಸದ್ದನ್ನು ಅಳಿಸಿಹಾಕುವ ಹಂಬಕರ್ ಪಿಕಪ್ ಇರುವ ಗಿಟಾರ್ ಇದ್ದಿದ್ದರೆ ಈ ಪ್ರದಕ್ಷಿಣೆ ಬೇಕಾಗುತ್ತಿರಲಿಲ್ಲ. ಆದರೆ ಆ ತೆಳುವಾದ, ಗಾಜಿನ ಅಂಚಿನಂಥ ನಾದ ಬೇಕೆಂದೇ ಅವರು ಸಿಂಗಲ್ ಕಾಯಿಲ್ ತಂದಿದ್ದರು, ಅದನ್ನು ಬಿಡಿ ಎನ್ನಲು ನನಗೆ ಮನಸ್ಸು ಬರಲಿಲ್ಲ.

ಪಿಕಪ್ ಎಂದಾಗ ನೆನಪಾಯಿತು. ನಾನೇ ಒಂದು ಪಿಕಪ್ ಸುತ್ತುವ ಕೆಲಸ ಎರಡು ತಿಂಗಳಿಂದ ನಿಂತಿದೆ. ಬೇಕಾದದ್ದು ಅಮೆರಿಕದ ಅಳತೆಯ 42 ಗೇಜ್ ತಂತಿ, ಅಂದರೆ ಸುಮಾರು 0.063 ಮಿ.ಮೀ. ಅಂಗಡಿಯವರು ಎರಡು ವಾರ ಕಾಯಿಸಿ ಕೊಟ್ಟದ್ದು ಬ್ರಿಟಿಷ್ ಅಳತೆಯ 42, ಅಂದರೆ 0.1 ಮಿ.ಮೀ. ಹಿಂದಿರುಗಿಸಲು ಹೋದರೆ “42 ಕೇಳಿದಿರಿ, 42 ಕೊಟ್ಟಿದ್ದೇವೆ” ಎಂದರು. ನೀವು ಇಲ್ಲಿ ಕೊಳ್ಳುವುದಾದರೆ ಬ್ರಿಟಿಷ್ ಅಳತೆಯ 46 ಕೇಳಿ, ಇಲ್ಲವೇ ಮಿಲಿಮೀಟರ್ ಲೆಕ್ಕದಲ್ಲೇ ಹೇಳಿ. ತಂತಿ ಬಂದರೆ ಆ ಪಿಕಪ್ ಹೋಗಬೇಕಾದದ್ದು ಡಿಡ್ಲಿ ಬೋ ಎಂಬ ಒಂಟಿ ತಂತಿಯ ವಾದ್ಯಕ್ಕೆ. ಮಿಸಿಸಿಪಿಯ ಮಕ್ಕಳು ಮನೆಯ ಗೋಡೆಗೆ ತಂತಿ ಬಿಗಿದು, ಸೀಸೆಯನ್ನು ತಂತಿ ಎತ್ತಿ ಹಿಡಿಯುವ ಕುದುರೆಯಾಗಿಟ್ಟು ನುಡಿಸುತ್ತಿದ್ದ ವಾದ್ಯವದು. ತತ್ವಪದಕಾರರ ಏಕತಾರಿಯ ಪಕ್ಕದಲ್ಲಿ ಅದನ್ನು ಒಮ್ಮೆ ಕೂರಿಸಬೇಕೆಂಬುದು ನನ್ನ ಬಹುದಿನದ ಆಸೆ.

ಇನ್ನು ಗುಂಯ್. ರೆಸೊನೇಟರ್‌ನ ಕೇಬಲ್ ಡಿಐ ಪೆಟ್ಟಿಗೆಗೆ, ಅಂದರೆ ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆಗೆ ಬಂದು, ಅಲ್ಲಿಂದ ಒಂದು ಕವಲು ವೇದಿಕೆಯ ಆಂಪ್ಲಿಫಯರಿಗೂ ಇನ್ನೊಂದು ಸಭಾಂಗಣದ ಹಿಂದಿರುವ ಮಿಕ್ಸರಿಗೂ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಗೋಡೆಯ ಅರ್ಥಿಂಗ್. ಎರಡು ಅರ್ಥಿಂಗ್‌ಗಳ ನಡುವೆ ಕೇಬಲ್ ಮೂಲಕ ವಿದ್ಯುತ್ತು ಸುತ್ತುವ ಲೂಪ್ ಆಗಿದೆ ಎಂದು ನಿಮಗೆ ಆಗಲೇ ಹೊಳೆದಿರುತ್ತದೆ. ಮಿಕ್ಸರಿನ ಕಡೆಯ ಅರ್ಥಿಂಗ್ ಸಂಪರ್ಕ ಕಡಿಯುವ, ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಗುಂಡಿಯನ್ನು ಒತ್ತಿದೆ, ಬದಲಾವಣೆಯಿಲ್ಲ. ಪೆಟ್ಟಿಗೆಯನ್ನೇ ಬದಲಿಸಿದೆ, ಆಗಲೂ ಇಲ್ಲ. ಬಾಡಿಗೆ ಸಲಕರಣೆಯ ಹುಡುಗನೊಬ್ಬ ಆಂಪ್ಲಿಫಯರಿನ ಪ್ಲಗ್ಗಿನ ದಪ್ಪ ಅರ್ಥಿಂಗ್ ಪಿನ್ ಮುರಿದರೆ ಸರಿಹೋಗುತ್ತದೆ ಎಂದು ಇಕ್ಕಳ ತೆಗೆದ. ನಾನು ಪ್ಲಗ್ಗನ್ನು ಅವನ ಕೈಯಿಂದ ಕಿತ್ತುಕೊಂಡೆ. 1972ರಲ್ಲಿ ಸ್ವಾನ್ಸಿಯ ವೇದಿಕೆಯಲ್ಲಿ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ ಸತ್ತದ್ದು ಸರಿಯಾದ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ. ಆ ಪಿನ್ನನ್ನು ಮಾತ್ರ ಯಾರೂ, ಯಾವತ್ತೂ ಮುರಿಯಬೇಡಿ.

ಕೊನೆಗೆ ಮಲ್ಟಿಮೀಟರ್ ಹಿಡಿದು, ಡಿಐ ಪೆಟ್ಟಿಗೆಯಿಂದ ಮಿಕ್ಸರಿಗೆ ಹೋಗುವ ಕೇಬಲ್ ಹತ್ತಿರ ಕುಳಿತೆ. ಮೀಟರಿನ ಒಂದು ಮೊನೆ ಕೇಬಲ್ಲಿನ ಒಂದನೆಯ ಪಿನ್ನಿಗೆ, ಅಂದರೆ ಅರ್ಥಿಂಗ್‌ನದಕ್ಕೆ, ಇನ್ನೊಂದು ಸುಮ್ಮನೆ ಅದರ ತುದಿಯ ಲೋಹದ ಕವಚಕ್ಕೆ. ಎರಡೂ ಕೂಡಿಕೊಂಡಿವೆ ಎಂದು ಮೀಟರ್ ಕೀ ಎಂದು ಕೂಗಿತು! ತಿರುಪು ಬಿಚ್ಚಿದರೆ ಒಳಗೆ ಅಕ್ಕಿಕಾಳಿನಷ್ಟು ಉದ್ದದ ತಂತಿಯ ತುಣುಕೊಂದು ಪಿನ್ನನ್ನೂ ಕವಚವನ್ನೂ ಸೇರಿಸಿ ಬೆಸುಗೆಯಾಗಿತ್ತು. ಕವಚ ಡಿಐ ಪೆಟ್ಟಿಗೆಯ ಮೈಗೆ ತಾಗುತ್ತದೆ, ಗುಂಡಿ ಕಡಿದ ಸಂಪರ್ಕವನ್ನು ಕವಚ ಮತ್ತೆ ಕೂಡಿಸುತ್ತದೆ. ಮೈಕಿಗೆ ಇದೇ ಕೇಬಲ್ ಹಾಕಿದಾಗ ಯಾವ ತೊಂದರೆಯೂ ಆಗುವುದಿಲ್ಲ, ಹಾಗಾಗಿ ಇಷ್ಟು ದಿನ ಯಾರೂ ಇದನ್ನು ಅನುಮಾನಿಸಿರಲಿಲ್ಲ. ಉತ್ತಮ ದರ್ಜೆಯದೆಂದು ಹೆಚ್ಚು ಹಣ ತೆತ್ತು ತಂದ ಹತ್ತು ಕೇಬಲ್‌ಗಳಲ್ಲಿ ಹತ್ತೂ ಹೀಗೆಯೇ ಇವೆ.

ತುಣುಕನ್ನು ಕತ್ತರಿಸಿ, ಗುಂಡಿ ಒತ್ತಿದೆ. ಸ್ಪೀಕರ್ ಸತ್ತಿದೆಯೇನೋ ಎಂದು ಒಂದು ಕ್ಷಣ ಗಾಬರಿಯಾಯಿತು, ಅಷ್ಟು ನಿಶ್ಶಬ್ದ. ವಾದಕರು ಬೆರಳಿನ ಗಾಜಿನ ಸ್ಲೈಡನ್ನು ತಂತಿಗೆ ತಾಗಿಸಿದಾಗ, ನುಡಿಸುವ ಮುನ್ನವೇ, ಗಾಜು ತಂತಿಯ ಮೇಲೆ ಕೂರುವ ಸಣ್ಣ ಸದ್ದು ಕೊನೆಯ ಸಾಲಿನವರೆಗೂ ಕೇಳಿಸಿತು.

ಉಳಿದ ಒಂಬತ್ತು ಕೇಬಲ್‌ಗಳನ್ನು ಬರುವ ಭಾನುವಾರ ಬಿಚ್ಚುತ್ತೇನೆ.